ಕಾಲೇಜು ಫುಟ್‌ಬಾಲಿನಲ್ಲಿ ವಿಜಯಿಯ ನಿರ್ಣಯ



ಆಟದಲ್ಲಿ ಗೆದ್ದವರು ಯಾರು ಎಂಬುದು ಮೇಲುನೋಟಕ್ಕೆ ಒಂದು ಪ್ರಶ್ನೆಯೇ ಅಲ್ಲ. ಹೆಚ್ಚು ಗೋಲು ಹೊಡೆದವರು ಗೆದ್ದರು. ಕಡಮೆ ಹೊಡೆದವರು ಸೋತರು. ಇದರಲ್ಲಿ ಚರ್ಚೆಗೆ ಎಡೆಯೆಲ್ಲಿ? ಒಂದು ಪಂದ್ಯದ ಮಟ್ಟಿಗೆ ಈ ಮಾತು ದಿಟ. ಗರಡಿಯ ಕಣದಲ್ಲಿ ಇಬ್ಬರು ಪೈಲವಾನರು ಕೈ ಹಿಡಿದರೆ ಯಾರ ಬೆನ್ನಿಗೆ ಮಣ್ಣು ಹತ್ತಿತೆಂಬುದನ್ನು ಸುತ್ತ ಕುಳಿತ ಮಂದಿಯೆಲ್ಲ ಕಾಣುತ್ತಾರೆ. ಆದರೆ ಹದಿನಾರು ತಂಡಗಳೋ ನೂರು ತಂಡಗಳೋ ಬೇರೆ ಬೇರೆ ದಿನ, ಬೇರೆ ಬೇರೆ ಮೈದಾನಗಳಲ್ಲಿ ಆಡಿ ಮುಗಿಸಿದ ಮೇಲೆ, ಇವರೆಲ್ಲರಲ್ಲಿ ಅಗ್ರಗಣ್ಯರು ಯಾರು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಆ ಉತ್ತರವನ್ನು ಕಂಡುಕೊಳ್ಳುವ ಮಾರ್ಗ ಯಾವುದು, ನಮ್ಮ ಕಾಲೇಜುಗಳ ಫುಟ್‌ಬಾಲಿಗೆ ಅವುಗಳಲ್ಲಿ ಯಾವುದು ಹಿತವಾದುದು ಎಂಬುದೇ ಇಂದಿನ ಭಾಷಣದ ವಿಷಯ.

ಲೋಕದಲ್ಲಿ ಬಳಕೆಯಲ್ಲಿರುವ ಮಾರ್ಗಗಳು ಮುಖ್ಯವಾಗಿ ಎರಡು. ಒಂದನೆಯದು ಲೀಗ್ ಪದ್ಧತಿ. ಇದರಲ್ಲಿ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಡನೆ ಆಡುತ್ತದೆ. ಗೆದ್ದರೆ ಇಷ್ಟು ಅಂಕ, ಸಮವಾದರೆ ಇಷ್ಟು ಎಂದು ಲೆಕ್ಕವಿಟ್ಟು, ಕೊನೆಗೆ ಪಟ್ಟಿಯ ತಲೆಯಲ್ಲಿ ನಿಂತವರಿಗೆ ಪ್ರಶಸ್ತಿ ಕೊಡುತ್ತಾರೆ. ಎರಡನೆಯದು ನಾಕೌಟ್ ಪದ್ಧತಿ. ಇದರಲ್ಲಿ ಸೋತವರು ಅಂದೇ ಮನೆಗೆ ಹೋಗುತ್ತಾರೆ, ಗೆದ್ದವರು ಮುಂದಿನ ಸುತ್ತಿಗೆ ಹೋಗುತ್ತಾರೆ; ಕೊನೆಗೆ ಉಳಿದವರು ವಿಜಯಿಗಳು. ಇವೆರಡನ್ನೂ ಬೆರಸಿ, ಮೊದಲು ಲೀಗ್ ಆಡಿಸಿ, ಅದರಲ್ಲಿ ಮೇಲೆ ಬಂದ ಕೆಲವರ ನಡುವೆ ಮಾತ್ರ ಕೊನೆಯಲ್ಲಿ ನಾಕೌಟ್ ನಡೆಸುವುದೂ ಉಂಟು. ಆ ಕೊನೆಯ ಘಟ್ಟಕ್ಕೆ ಪ್ಲೇ-ಆಫ್ ಎಂದು ಹೆಸರು.

ಈ ವಿಷಯದಲ್ಲಿ ಅತಿ ದೀರ್ಘವಾದ ವಾದ ನಡೆದುದು ಅಮೆರಿಕದ ಕಾಲೇಜುಗಳಲ್ಲಿ. ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಬೇರೊಂದು ಆಟವನ್ನು. ಆದರೂ ಅವರ ತೊಡಕು ನಮಗೆ ಪಾಠವಾಗುವಂತಹುದು. ಮೇಲ್ಮಟ್ಟದಲ್ಲಿ ಆಡುವ ಕಾಲೇಜುಗಳೇ ಅಲ್ಲಿ ನೂರಮೂವತ್ತಕ್ಕಿಂತ ಹೆಚ್ಚು. ಒಂದೊಂದು ತಂಡ ವರ್ಷಕ್ಕೆ ಆಡಬಲ್ಲುದು ಸುಮಾರು ಹನ್ನೆರಡು ಪಂದ್ಯ. ಎಲ್ಲರೂ ಎಲ್ಲರೊಡನೆ ಆಡುವುದು ಅಸಾಧ್ಯ. ಆದುದರಿಂದ 1936ರಿಂದ ಪತ್ರಿಕೆಯವರು ಮತ ಹಾಕಿ ಶ್ರೇಷ್ಠರನ್ನು ಹೆಸರಿಸುವ ವಾಡಿಕೆ ನೆಲೆಗೊಂಡಿತು. 1950ರಿಂದ ತರಬೇತುದಾರರೂ ತಮ್ಮದೇ ಬೇರೊಂದು ಮತದಾನವನ್ನು ಆರಂಭಿಸಿದರು. ಎರಡು ಮತಪೆಟ್ಟಿಗೆಗಳಿದ್ದ ಮೇಲೆ ಇಬ್ಬರು ರಾಜರು ಹುಟ್ಟುವುದು ಸಹಜವೇ. 1990, 1991 ಮತ್ತು 1997ರಲ್ಲಿ ಹಾಗೆಯೇ ಆಯಿತು; ಒಂದೇ ವರ್ಷಕ್ಕೆ ಎರಡೆರಡು ಕಾಲೇಜುಗಳು ರಾಷ್ಟ್ರವಿಜಯಿಗಳೆನಿಸಿಕೊಂಡವು.

ಇದನ್ನು ಸರಿಪಡಿಸಲೆಂದು 1998ರಲ್ಲಿ ಮತದಾನಕ್ಕೆ ಗಣಕಯಂತ್ರದ ಲೆಕ್ಕವನ್ನು ಸೇರಿಸಿ, ಮೊದಲ ಇಬ್ಬರನ್ನು ಆರಿಸಿ, ಅವರಿಬ್ಬರ ನಡುವೆ ಒಂದು ಅಂತಿಮ ಪಂದ್ಯವನ್ನು ಏರ್ಪಡಿಸಿದರು. 2004ರಲ್ಲಿ ಆಬರ್ನ್ ಎಂಬ ಕಾಲೇಜು ಆಡಿದ ಪಂದ್ಯಗಳನ್ನೆಲ್ಲ ಗೆದ್ದಿತು. ಆದರೂ ಮೊದಲ ಇಬ್ಬರಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. 2014ರಿಂದ ಇಬ್ಬರ ಬದಲು ನಾಲ್ವರ ಪ್ಲೇ-ಆಫ್ ಬಂದಿತು. 2023ರಲ್ಲಿ ಫ್ಲಾರಿಡಾ ಸ್ಟೇಟ್ ತಂಡ 13ಕ್ಕೆ 13 ಪಂದ್ಯಗಳನ್ನು ಗೆದ್ದು ಐದನೆಯದಾಗಿ ಹೊರಗುಳಿಯಿತು. 2024ರಲ್ಲಿ ನಾಲ್ವರು ಹನ್ನೆರಡಾದರು. ಬಾಗಿಲು ಅಗಲವಾದ ಆ ವರ್ಷ ಒಳಹೊಕ್ಕು ಪ್ರಶಸ್ತಿ ಪಡೆದವರು ಯಾರು? ಎಂಟನೆಯ ಶ್ರೇಯಾಂಕದ ಒಹಾಯೊ ಸ್ಟೇಟ್. ಈ ತಂಡ ಮೊದಲೇ ಎರಡು ಪಂದ್ಯಗಳಲ್ಲಿ ಸೋತಿತ್ತು. ಅದರಲ್ಲೊಂದು, ಅಕ್ಟೋಬರಿನಲ್ಲಿ ಒರೆಗಾನ್ ತಂಡದ ಎದುರು ಒಂದೇ ಅಂಕದ ಸೋಲು. ಒರೆಗಾನ್ ಆ ಬಳಿಕವೂ ಒಂದನ್ನೂ ಸೋಲದೆ ಮೊದಲನೆಯ ಶ್ರೇಯಾಂಕವನ್ನು ಪಡೆದು ಪ್ಲೇ-ಆಫಿಗೆ ಬಂದಿತು. 2025ರ ಜನವರಿ 1ರಂದು ಅದೇ ಇಬ್ಬರು ಮತ್ತೆ ಎದುರಾದರು. ಒಹಾಯೊ 41, ಒರೆಗಾನ್ 21. ವರ್ಷದಲ್ಲಿ ಇವರು ಒಮ್ಮೆ ಗೆದ್ದರು, ಅವರು ಒಮ್ಮೆ ಗೆದ್ದರು. ಒಬ್ಬರಿಗೆ ಕಿರೀಟ, ಇನ್ನೊಬ್ಬರಿಗೆ ಮನೆಯ ದಾರಿ. ಯಾವ ಗೆಲುವು ಹೆಚ್ಚಿನದು ಎಂಬುದನ್ನು ಪಂದ್ಯದ ಗುಣ ನಿರ್ಣಯಿಸಲಿಲ್ಲ, ಪಂಚಾಂಗ ನಿರ್ಣಯಿಸಿತು.

ಇದು ದೂರದ ಕಥೆ, ನಮಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ಕಾಲ್ಚೆಂಡಾಟದ ತವರಾದ ಇಂಗ್ಲೆಂಡಿನಲ್ಲಿಯೂ ಇದೇ ಪ್ರಶ್ನೆ ಬಹಳ ಹಿಂದೆಯೇ ಎದ್ದಿತ್ತು. ಅಲ್ಲಿ ಮೊದಲು ಬಂದುದು ನಾಕೌಟ್. 1871-72ರಲ್ಲಿ ಅಲ್ಲಿಯ ಫುಟ್‌ಬಾಲ್ ಸಂಘದ ಕಪ್ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಕ್ಲಬ್ಬುಗಳಿಗೆ ಒಂದು ಸಂಕಟ ಕಾಣಿಸಿತು. ಕಪ್ಪಿನಿಂದ ಬೇಗ ಹೊರಬಿದ್ದ ತಂಡಕ್ಕೆ ಉಳಿದ ತಿಂಗಳುಗಳಲ್ಲಿ ನೆಚ್ಚಿಕೊಳ್ಳುವಂತಹ ಪಂದ್ಯಗಳೇ ಇಲ್ಲ. ಒಪ್ಪಿಕೊಂಡ ಪಂದ್ಯಗಳೂ ಎಷ್ಟೋ ವೇಳೆ ರದ್ದಾಗುತ್ತಿದ್ದುವು. ಆಗ ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಎಂಬವರು ಮುಂದೆ ಬಂದು, 1888ರಲ್ಲಿ ಹನ್ನೆರಡು ಕ್ಲಬ್ಬುಗಳನ್ನು ಕೂಡಿಸಿ ಲೀಗನ್ನು ಸ್ಥಾಪಿಸಿದರು. ಶ್ರೋತೃಗಳು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಲೀಗ್ ಹುಟ್ಟಿದುದು ಶ್ರೇಷ್ಠರು ಯಾರೆಂದು ಕಂಡುಹಿಡಿಯುವ ತವಕದಿಂದಲ್ಲ, ತಂಡಗಳಿಗೆ ವಾರವಾರವೂ ಆಟ ಸಿಕ್ಕಬೇಕೆಂಬ ಅಗತ್ಯದಿಂದ. ಈ ಮಾತಿಗೆ ನಾವು ಮುಂದೆ ಮರಳುವೆವು.

ನಾಕೌಟಿನ ಪರವಾಗಿ ಹೇಳತಕ್ಕ ಮಾತೇ ಇಲ್ಲವೆಂದು ತಿಳಿಯಬಾರದು. ಅದಕ್ಕೆ ನಮ್ಮ ನಾಡಿನ ಚರಿತ್ರೆಯೇ ಒಳ್ಳೆಯ ಸಾಕ್ಷಿ ನುಡಿಯುತ್ತದೆ. 1934ರಿಂದ 1938ರ ವರೆಗೆ ಐದು ವರ್ಷ ಒಂದೇ ಸಮನೆ ಕಲ್ಕತ್ತೆಯ ಲೀಗನ್ನು ಗೆದ್ದ ತಂಡ ಮಹಮ್ಮಡನ್ ಸ್ಪೋರ್ಟಿಂಗ್. ಆ ಕಾಲಕ್ಕೆ ಹಿಂದೂಸ್ಥಾನದಲ್ಲಿ ಅವರಿಗೆ ಸರಿಸಾಟಿಯಿಲ್ಲವೆಂದು ಜನ ನಂಬಿದ್ದರು. ಕಲ್ಕತ್ತೆಯ ಪಟ್ಟಿಯಲ್ಲಿ ಬೆಂಗಳೂರಿನವರಿಗೆ ಸ್ಥಳವೆಲ್ಲಿ? 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದೇ ಮಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿತು. ಅಲ್ಲಿಯ ವರೆಗೆ ಗೋರಾ ಸೈನಿಕರ ಪಡೆಗಳೇ ಒಯ್ಯುತ್ತಿದ್ದ ಆ ಕಪ್ಪು ಮೊದಲ ಬಾರಿಗೆ ಭಾರತೀಯ ನಾಗರಿಕರ ತಂಡವೊಂದರ ಕೈಸೇರಿತು. 1938ರಲ್ಲಿ ಮತ್ತೆ ಅದೇ ತಂಡಕ್ಕೆ ದಕ್ಕಿತು. ಬೇರೆ ಬೇರೆ ಪಟ್ಟಿಗಳಲ್ಲಿ ಇರುವವರು, ಎಂದೂ ಎದುರು ಬದುರು ನಿಲ್ಲದವರು, ಒಂದೇ ಮೈದಾನಕ್ಕೆ ಇಳಿಯಬೇಕಾದರೆ ನಾಕೌಟ್ ಪಂದ್ಯಾವಳಿಯೇ ಬೇಕು. ದೂರದ ಊರಿನ ಹೆಸರಿಲ್ಲದ ತಂಡಕ್ಕೆ ಅದು ತೆರೆದಿಡುವ ಬಾಗಿಲನ್ನು ಲೀಗ್ ತೆರೆದಿಡಲಾರದು. ಮೈಸೂರು ಸಂಸ್ಥಾನದ ತಂಡ 1946-47ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆದುದೂ ಇಂತಹ ಬಾಗಿಲಿನಿಂದಲೇ.

ಇನ್ನು ಲೀಗ್ ಮತ್ತು ಪ್ಲೇ-ಆಫ್ ಎರಡೂ ಒಂದೇ ಪಂದ್ಯಾವಳಿಯಲ್ಲಿ ಸೇರಿದಾಗ ಏನಾಗುತ್ತದೆ ಎಂಬುದನ್ನು ನಮ್ಮ ನಾಡಿನ ಪ್ರೇಕ್ಷಕರು ಚೆನ್ನಾಗಿ ಬಲ್ಲರು. 2017-18ರ ಇಂಡಿಯನ್ ಸೂಪರ್ ಲೀಗಿನಲ್ಲಿ ಬೆಂಗಳೂರು ಎಫ್.ಸಿ. 18 ಪಂದ್ಯಗಳಿಂದ 40 ಅಂಕಗಳನ್ನು ಗಳಿಸಿ ಪಟ್ಟಿಯ ತಲೆಯಲ್ಲಿತ್ತು. ಎರಡನೆಯ ಸ್ಥಾನದ ಚೆನ್ನೈಯಿನ್ ತಂಡಕ್ಕೆ 32 ಅಂಕ. ಎಂಟು ಅಂಕಗಳ ಅಂತರವೆಂದರೆ ಸಾಮಾನ್ಯವಲ್ಲ. ಆದರೂ 2018ರ ಮಾರ್ಚ್ 17ರಂದು, ನಮ್ಮದೇ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಚೆನ್ನೈಯಿನ್ ತಂಡ 3-2ರಿಂದ ಗೆದ್ದು ಪ್ರಶಸ್ತಿಯನ್ನು ಒಯ್ದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅಂದು ನಾಡೆಲ್ಲ ಮರುಗಿತು. ತಿಂಗಳುಗಟ್ಟಲೆ ದುಡಿದ ಫಲವನ್ನು ಒಂದು ಸಂಜೆ ಕಸಿದುಕೊಳ್ಳುವುದು ಯಾವ ನ್ಯಾಯ ಎಂದು ಕೇಳದವರಿಲ್ಲ.

ಏಳು ವರ್ಷಗಳ ಬಳಿಕ ತಕ್ಕಡಿ ತಿರುಗಿತು. 2024-25ರಲ್ಲಿ ಮೋಹನ್ ಬಾಗಾನ್ ತಂಡ 24 ಪಂದ್ಯಗಳಿಂದ 56 ಅಂಕ ಪಡೆದು ಲೀಗಿನಲ್ಲಿ ಮೊದಲನೆಯದಾಯಿತು. ಬೆಂಗಳೂರು 38 ಅಂಕಗಳೊಡನೆ ಮೂರನೆಯದಾಯಿತು. ಹದಿನೆಂಟು ಅಂಕಗಳ ಹಿಂದೆ ಇದ್ದ ನಮ್ಮ ತಂಡ ಪ್ಲೇ-ಆಫಿನ ಮೆಟ್ಟಿಲೇರಿ, 2025ರ ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ಅಂತಿಮ ಪಂದ್ಯಕ್ಕೆ ನಿಂತಿತು. ಹೆಚ್ಚುವರಿ ಸಮಯದಲ್ಲಿ ಮಾತ್ರ 2-1ರಿಂದ ಸೋತಿತು. ಅಂದು ಬೆಂಗಳೂರು ಗೆದ್ದಿದ್ದರೆ, 2018ರಲ್ಲಿ ಅನ್ಯಾಯವೆಂದು ಕೂಗಿದ ನಮ್ಮಲ್ಲಿ ಎಷ್ಟು ಮಂದಿ ಆ ಗೆಲುವನ್ನು ಅನ್ಯಾಯವೆಂದು ತಿರಸ್ಕರಿಸುತ್ತಿದ್ದರು? ಒಬ್ಬರೂ ಇರಲಾರರು. ನಾವು ಕುಳಿತ ಕಡೆಗೆ ತಕ್ಕಂತೆ ತಿರುಗುವ ಅಭಿಪ್ರಾಯವನ್ನು ಪಕ್ಷಪಾತವೆನ್ನಬೇಕೇ ಹೊರತು ತತ್ತ್ವವೆನ್ನಲಾಗದು. ಆದುದರಿಂದ ನಮ್ಮ ತಂಡ ಯಾವುದೆಂಬುದನ್ನು ಮರೆತು, ಮೊದಲು ಲೆಕ್ಕವನ್ನು ನೋಡೋಣ.

ಹದಿನಾರು ಕಾಲೇಜುಗಳು ನಾಕೌಟ್ ಪಂದ್ಯಾವಳಿಯಲ್ಲಿ ಸೇರಿವೆ ಎಂದಿಟ್ಟುಕೊಳ್ಳಿ. ವಿಜಯಿಯನ್ನು ಕಂಡುಕೊಳ್ಳಲು 15 ಪಂದ್ಯ ಸಾಕು. ಖರ್ಚು ಕಡಮೆ, ಮೂರು ನಾಲ್ಕು ದಿನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಎಂಟು ತಂಡಗಳು ಒಂದೇ ಒಂದು ಪಂದ್ಯವನ್ನಾಡಿ ಮನೆಗೆ ಹೋಗುತ್ತವೆ. ಇನ್ನು ನಾಲ್ಕು ತಂಡಗಳು ಎರಡನ್ನಾಡಿ ಹೋಗುತ್ತವೆ. ಅಂದರೆ ಹದಿನಾರರಲ್ಲಿ ಹನ್ನೆರಡು ತಂಡಗಳ ವರ್ಷದ ಆಟ ಎರಡು ಪಂದ್ಯಗಳೊಳಗೆ ತೀರಿತು. ಹೋಗಲಿ, ಇಷ್ಟು ಬೆಲೆ ತೆತ್ತ ಮೇಲೆ ನಿಜವಾದ ಶ್ರೇಷ್ಠರಾದರೂ ದೊರೆಯುತ್ತಾರೆಯೆ? ಯಾರೊಡನೆ ಆಡಿದರೂ ಮೂರರಲ್ಲಿ ಎರಡು ಸಲ ಗೆಲ್ಲಬಲ್ಲ ಒಂದು ಬಲವಾದ ತಂಡವಿದೆ ಎನ್ನಿ. ಅದು ನಾಲ್ಕು ಸುತ್ತುಗಳನ್ನು ಒಂದೇ ಸಮನೆ ಗೆಲ್ಲುವ ಸಂಭವ 81ರಲ್ಲಿ 16, ಎಂದರೆ ಹೆಚ್ಚುಕಡಮೆ ಐದರಲ್ಲಿ ಒಂದು. ಐದು ವರ್ಷಗಳಲ್ಲಿ ನಾಲ್ಕು ವರ್ಷ ಕಿರೀಟ ಬೇರೆಯವರ ತಲೆಯ ಮೇಲಿರುತ್ತದೆ. ಬಾಸ್ಕೆಟ್‌ಬಾಲಿನಂತೆ ಅಂಕಗಳು ಹತ್ತಾರು ಬೀಳುವ ಆಟದಲ್ಲಿ ಬಲಾಬಲಗಳು ಅಂದಂದೇ ತಿಳಿಯಬಹುದು. ಒಂದೆರಡು ಗೋಲುಗಳಲ್ಲಿ ಮುಗಿಯುವ ಕಾಲ್ಚೆಂಡಾಟದಲ್ಲಿ ಒದ್ದೆ ನೆಲ, ಜಾರಿದ ಕಾಲು, ಕಂಬಕ್ಕೆ ಬಡಿದ ಚೆಂಡು, ಕೊನೆಯ ಪೆನಾಲ್ಟಿ ಒದೆತ, ಇವುಗಳಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಅಧಿಕಾರ ದೊರೆಯುತ್ತದೆ.

ಅದೇ ಹದಿನಾರು ತಂಡಗಳಿಗೆ ಪೂರ್ಣ ಲೀಗ್ ಏರ್ಪಡಿಸಿದರೆ 120 ಪಂದ್ಯಗಳಾಗುತ್ತವೆ. ಪಾಠ, ಪ್ರಯೋಗ, ಪರೀಕ್ಷೆಗಳ ನಡುವೆ ಇದು ಆಗುಹೋಗುವ ಮಾತಲ್ಲ. ಆದರೆ ನಾಲ್ಕು ನಾಲ್ಕು ತಂಡಗಳ ನಾಲ್ಕು ಗುಂಪುಗಳನ್ನು ಮಾಡಿ, ಗುಂಪಿನೊಳಗೆ ಲೀಗ್ ಆಡಿಸಿ, ಮೊದಲು ಬಂದ ನಾಲ್ವರಿಗೆ ಮಾತ್ರ ಪ್ಲೇ-ಆಫ್ ಇಟ್ಟರೆ ಒಟ್ಟು 27 ಪಂದ್ಯ. ನಾಕೌಟಿಗಿಂತ ಹನ್ನೆರಡೇ ಹೆಚ್ಚು. ಈ ಹನ್ನೆರಡು ಪಂದ್ಯಗಳ ಬೆಲೆಗೆ, ಒಂದೇ ಪಂದ್ಯವಾಡಿ ಹೋಗುವ ತಂಡ ಒಂದೂ ಇರುವುದಿಲ್ಲ. ಅತ್ಯಂತ ದುರ್ಬಲರಿಗೂ ಮೂರು ಪಂದ್ಯಗಳುಂಟು. ನಾವು ಹೇಳಿದ ಬಲವಾದ ತಂಡ ಗುಂಪನ್ನು ದಾಟಿದ ಮೇಲೆ ಗೆಲ್ಲಬೇಕಾದುದು ಎರಡೇ ಸುತ್ತು. ಅದರ ಸಂಭವ ಒಂಬತ್ತರಲ್ಲಿ ನಾಲ್ಕು. ಒಂದು ದಿನದ ದುರದೃಷ್ಟ ಗುಂಪಿನಲ್ಲಿ ಅದನ್ನು ಕೆಡವದು. ಸೋತರೂ ತಿದ್ದಿಕೊಳ್ಳಲು ಮತ್ತೆರಡು ಪಂದ್ಯಗಳಿವೆ.

ಈಗ ಬೆಳಗಾವಿಯ ಕಡೆಗೆ ಬರೋಣ. ನಾವಿರುವ ಈ ನಗರಕ್ಕೆ ಕಾಲೇಜು ಜೀವನ ಹೊಸದಲ್ಲ. ಲಿಂಗರಾಜ ಕಾಲೇಜು 1933ರಷ್ಟು ಹಿಂದಿನದು. ಊರಿನ ಅಂಚಿನ ನೆಹರು ನಗರದಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ, 1963ರಲ್ಲಿ ಸ್ಥಾಪನೆಗೊಂಡ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜೂ ಅದರ ದೊಡ್ಡ ಆಸ್ಪತ್ರೆಯೂ ಇವೆ. ಸುತ್ತ ವಿದ್ಯಾರ್ಥಿಗಳ ವಸತಿಗಳು. ಮೊದಲು ಬೆಳಗಾವಿಯ ಕಾಲೇಜುಗಳೆಲ್ಲ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದುವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ಆಶ್ರಯಕ್ಕೆ ಬಂದುವು. ಆಗ ಊರಿನ ಕಾಲೇಜುಗಳೆಲ್ಲ ಒಂದೇ ಮನೆಯ ಮಕ್ಕಳು. ಅಂತರ-ಕಾಲೇಜು ಪಂದ್ಯವೆಂದರೆ ನೆರೆಯವರ ಎದುರಿನ ಪಂದ್ಯ.

ಇಂದಿನ ಸ್ಥಿತಿ ಹಾಗಲ್ಲ. ಇಂಜಿನಿಯರಿಂಗ್ ಕಾಲೇಜುಗಳಿಗೆ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ವೈದ್ಯ ವಿದ್ಯೆಗೆ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ, 2006ರಲ್ಲಿ ನೆಹರು ನಗರದಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಪರಿಗಣಿತ ವಿಶ್ವವಿದ್ಯಾಲಯವೂ ಆದುವು. ಕಾನೂನಿಗೆ 2009ರಲ್ಲಿ ಹುಬ್ಬಳ್ಳಿಯ ವಿಶ್ವವಿದ್ಯಾಲಯ. ಕಲೆ ವಾಣಿಜ್ಯಗಳಿಗೆ 2010ರಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ. ವಿದ್ಯೆಯ ದೃಷ್ಟಿಯಿಂದ ಇದು ಅಭಿವೃದ್ಧಿಯೇ ಸರಿ. ಆದರೆ ಆಟದ ಮೈದಾನದಲ್ಲಿ ಇದರಿಂದಾದ ಪರಿಣಾಮವನ್ನು ಯೋಚಿಸಿ. ಅಂತರ-ಕಾಲೇಜು ಪಂದ್ಯಾವಳಿಗಳು ಒಂದೊಂದು ವಿಶ್ವವಿದ್ಯಾಲಯದ ಒಳಗೇ ನಡೆಯತಕ್ಕವು. ಒಂದೇ ರಸ್ತೆಯಲ್ಲಿ ನಡೆದಾಡುವ, ಒಂದೇ ಅಂಗಡಿಯಲ್ಲಿ ಚಹ ಕುಡಿಯುವ ವೈದ್ಯ ವಿದ್ಯಾರ್ಥಿಯೂ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಅಂತಹ ಪಂದ್ಯದಲ್ಲಿ ಎದುರಾಗುವುದೇ ಇಲ್ಲ. ಇಂಜಿನಿಯರಿಂಗ್ ತಂಡ ತನ್ನ ವಿಶ್ವವಿದ್ಯಾಲಯದ ದೂರದ ಕಾಲೇಜಿನೊಡನೆ ಆಡುತ್ತದೆ, ನೆರೆಮನೆಯವರೊಡನೆ ಆಡುವುದಿಲ್ಲ. ಬೆಳಗಾವಿಯ ಕಾಲೇಜುಗಳಲ್ಲಿ ಶ್ರೇಷ್ಠವಾದ ಫುಟ್‌ಬಾಲ್ ತಂಡ ಯಾವುದು ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವ ಸಾಧನವೇ ಆ ಪಂದ್ಯಾವಳಿಗಳಲ್ಲಿಲ್ಲ. ಅಮೆರಿಕದವರ ತೊಡಕು ನಮ್ಮ ಬೀದಿಗೇ ಬಂದಿದೆ: ಒಬ್ಬರೊಡನೊಬ್ಬರು ಆಡದವರಲ್ಲಿ ಹೆಚ್ಚಿನವರು ಯಾರು?

ವಿಶ್ವವಿದ್ಯಾಲಯದ ತಂಡವನ್ನು ಆರಿಸುವ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿದೆ. ಮೇಲೆ ಅಂತರ-ವಿಶ್ವವಿದ್ಯಾಲಯ ಪಂದ್ಯಾವಳಿಯುಂಟು. ಸರ್ ಆಶುತೋಷ ಮುಖರ್ಜಿಯವರ ಹೆಸರಿನ ಟ್ರೋಫಿ ಅದಕ್ಕೆ ಸಂಬಂಧಿಸಿದುದು. ದೇಶವನ್ನು ವಲಯಗಳಾಗಿ ಹಂಚಿ, ವಲಯದಲ್ಲಿ ಮೇಲೆ ಬಂದವರನ್ನು ಮುಂದೆ ಕೂಡಿಸುತ್ತಾರೆ. ಇಷ್ಟು ವಿಶಾಲವಾದ ದೇಶದಲ್ಲಿ, ಇಷ್ಟೊಂದು ವಿಶ್ವವಿದ್ಯಾಲಯಗಳಿರುವಾಗ, ಆ ಮಟ್ಟದಲ್ಲಿ ನಾಕೌಟ್ ಇಲ್ಲದೆ ಗತ್ಯಂತರವಿಲ್ಲ. ನಮ್ಮ ಆಕ್ಷೇಪಣೆ ಅದರ ಮೇಲಲ್ಲ. ತುದಿಯಲ್ಲಿ ನಾಕೌಟ್ ಇರಲಿ; ಬುಡದಲ್ಲಿಯೂ ಅದೇ ಏಕೆ ಇರಬೇಕು? ಖಾನಾಪುರದ ಒಂದು ಕಾಲೇಜನ್ನು ಎಣಿಸಿಕೊಳ್ಳಿ. ಕಾಡು, ಮಳೆ, ಕೆಂಪು ಮಣ್ಣಿನ ಸೀಮೆ ಅದು. ಅಲ್ಲಿಯ ಹನ್ನೊಂದು ಹುಡುಗರು ಬೆಳಗಿನ ರೈಲಿಗೋ ಬಸ್ಸಿಗೋ ಹತ್ತಿ, ಸುಮಾರು 25 ಕಿಲೋಮೀಟರ್ ದೂರದ ಬೆಳಗಾವಿಗೆ ಬಂದು, ಸಜ್ಜಾದ ಬೂಟುಗಳ ನಗರದ ತಂಡದ ಎದುರು ಒಂದು ಗೋಲಿನಿಂದ ಸೋತರೆ, ಆ ವರ್ಷದ ಫುಟ್‌ಬಾಲ್ ಅವರಿಗೆ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷದ ಹೊತ್ತಿಗೆ ಅವರಲ್ಲಿ ಕೆಲವರು ಪದವಿ ಮುಗಿಸಿ ಹೋಗಿರುತ್ತಾರೆ. ತೊಂಬತ್ತು ನಿಮಿಷಗಳಲ್ಲಿ ಅವರ ಗುಣವನ್ನು ನೋಡಿದವರು ಯಾರು? ಅವರಲ್ಲೊಬ್ಬ ಒಳ್ಳೆಯ ಗೋಲ್‌ಕೀಪರನಿದ್ದರೆ ಅವನನ್ನು ಗುರುತಿಸುವ ಎರಡನೆಯ ಅವಕಾಶವೆಲ್ಲಿ?

ಹುಡುಗಿಯರ ತಂಡಗಳ ಮಾತಂತೂ ಇನ್ನೂ ಸ್ಪಷ್ಟ. ತಂಡಗಳು ನಾಲ್ಕೇ ಬಂದರೆ ನಾಕೌಟಿನಲ್ಲಿ ಇಬ್ಬರಿಗೆ ಒಂದೊಂದು ಪಂದ್ಯ, ಇಬ್ಬರಿಗೆ ಎರಡೆರಡು. ಅದೇ ನಾಲ್ವರು ಲೀಗ್ ಆಡಿದರೆ ಒಟ್ಟು ಆರು ಪಂದ್ಯ, ಪ್ರತಿಯೊಬ್ಬರಿಗೂ ಮೂರು. ಆಡುವವರು ಕಡಮೆಯಿರುವ ಕಡೆಯಲ್ಲಿ, ಇರುವವರನ್ನು ಬೇಗ ಬೇಗ ಮನೆಗೆ ಕಳುಹಿಸುವ ಪದ್ಧತಿಯನ್ನು ಇಟ್ಟುಕೊಂಡು, ಹುಡುಗಿಯರು ಆಟಕ್ಕೆ ಬರುವುದಿಲ್ಲವೆಂದು ದೂರುವುದು ಎಷ್ಟರಮಟ್ಟಿಗೆ ಸರಿ?

ಇಲ್ಲಿಯೇ ನಾವು ಹಿಂದೆ ಹೇಳಿದ ಮೆಕ್‌ಗ್ರೆಗರರ ಮಾತಿಗೆ ಬರುತ್ತೇವೆ. ವೃತ್ತಿಯ ತಂಡಗಳಿಗೆ ವಿಜಯವೇ ಗುರಿ. ಪ್ರೇಕ್ಷಕರಿಗೆ ಅಂತಿಮ ಪಂದ್ಯದ ರೋಮಾಂಚವೇ ಪ್ರಿಯ. ಕಾಲೇಜು ಆಟಗಳನ್ನು ಇಟ್ಟುಕೊಂಡಿರುವುದು ಬೇರೊಂದು ಕಾರಣಕ್ಕಾಗಿ. ತರಗತಿಯಲ್ಲಿ ನಾವು ಕಲಿಸಲಾರದ ಕೆಲವು ವಿಷಯಗಳು ಮೈದಾನದಲ್ಲಿ ದೊರೆಯುತ್ತವೆ ಎಂದು ನಂಬಿದುದರಿಂದಲೇ ಕಾಲೇಜು ಅದಕ್ಕೆ ಹಣವನ್ನೂ ಕಾಲವನ್ನೂ ಕೊಡುತ್ತದೆ. ಸೋಲೇ ಗೆಲುವಿನ ಮೆಟ್ಟಿಲು ಎಂದು ನಾವು ಹುಡುಗರಿಗೆ ಉಪದೇಶ ಮಾಡುತ್ತೇವೆ. ಮೆಟ್ಟಿಲೆಂದರೆ ಅದರ ಮೇಲೆ ಇನ್ನೊಂದು ಮೆಟ್ಟಿಲಿರಬೇಕಲ್ಲವೆ? ಈ ಶನಿವಾರ ಸೋತವನಿಗೆ ಮುಂದಿನ ಶನಿವಾರ ಪಂದ್ಯವಿದ್ದರೆ ಮಾತ್ರ ಅವನು ಸೋಲಿನಿಂದ ಕಲಿಯುತ್ತಾನೆ. ತಪ್ಪನ್ನು ಎಣಿಸುತ್ತಾನೆ, ತಿದ್ದುತ್ತಾನೆ, ಜೊತೆಯವನನ್ನು ಕ್ಷಮಿಸುತ್ತಾನೆ, ಮತ್ತೆ ಇಳಿಯುತ್ತಾನೆ. ಪಂದ್ಯವೇ ಇಲ್ಲದವನಿಗೆ ಸೋಲು ಕಲಿಸುವುದು ಬೂಟನ್ನು ಅಟ್ಟದ ಮೇಲಿಡುವುದನ್ನು ಮಾತ್ರ.

ಹಾಗಾದರೆ ಪ್ಲೇ-ಆಫ್ ಬೇಡವೆ? ಬೇಕು ಎಂದೇ ನಮ್ಮ ಅಭಿಪ್ರಾಯ. ಆದರೆ ಅದು ತನ್ನ ಸ್ಥಾನದಲ್ಲಿರಬೇಕು. ಕಾಲೇಜಿನವರಾದ ನಮಗೆ ಇದನ್ನು ಅರ್ಥಮಾಡಿಕೊಳ್ಳಲು ದೂರ ಹೋಗಬೇಕಾದುದಿಲ್ಲ. ವಿದ್ಯಾರ್ಥಿಯ ಯೋಗ್ಯತೆಯನ್ನು ಅಳೆಯುವಾಗ ವರ್ಷಾವಧಿಯ ಕೆಲಸಕ್ಕೆ ಒಂದಷ್ಟು ಅಂಕಗಳನ್ನೂ ಕೊನೆಯ ಪರೀಕ್ಷೆಗೆ ಒಂದಷ್ಟು ಅಂಕಗಳನ್ನೂ ಇಡುತ್ತೇವೆ. ಕೊನೆಯ ಪರೀಕ್ಷೆಯೊಂದೇ ಇದ್ದರೆ, ಅಂದು ಜ್ವರ ಬಂದ ಜಾಣನಿಗೆ ಗತಿಯಿಲ್ಲ. ವರ್ಷದ ಕೆಲಸವೊಂದೇ ಇದ್ದರೆ, ಒತ್ತಡದ ನಡುವೆ ನಿಂತು ಉತ್ತರಿಸುವ ಶಕ್ತಿಯನ್ನು ಅಳೆದಂತಾಗಲಿಲ್ಲ. ಲೀಗ್ ವರ್ಷದ ಕೆಲಸ. ಪ್ಲೇ-ಆಫ್ ಕೊನೆಯ ಪರೀಕ್ಷೆ. ಎರಡಕ್ಕೂ ತಮ್ಮ ತಮ್ಮ ಮರ್ಯಾದೆ ಸಲ್ಲಬೇಕು.

ಇದರಿಂದ ಮೂರು ನಿಯಮಗಳು ಹೊರಡುತ್ತವೆ. ಮೊದಲನೆಯದಾಗಿ, ಪ್ಲೇ-ಆಫಿನ ಬಾಗಿಲು ಇಕ್ಕಟ್ಟಾಗಿರಬೇಕು. ಎಂಟು ತಂಡಗಳಲ್ಲಿ ನಾಲ್ವರಿಗೆ ಅಥವಾ ಹದಿನಾರರಲ್ಲಿ ನಾಲ್ವರಿಗೆ ಸ್ಥಳ ಸಾಕು. ಬಹುಮಂದಿಗೆ ಪ್ರವೇಶ ಕೊಟ್ಟರೆ ಲೀಗಿನ ಪಂದ್ಯಗಳನ್ನು ಯಾರೂ ಮನಸ್ಸಿಟ್ಟು ಆಡರು. ಎರಡನೆಯದಾಗಿ, ಲೀಗಿನಲ್ಲಿ ಮೊದಲು ಬಂದವರಿಗೆ ಕೊನೆಯ ಘಟ್ಟದಲ್ಲಿ ಏನಾದರೂ ಒಂದು ಅನುಕೂಲವಿರಬೇಕು. ಉಪಾಂತ್ಯದಲ್ಲಿ ಪಂದ್ಯ ಸಮವಾದರೆ ಪೆನಾಲ್ಟಿ ಒದೆತಗಳಿಗೆ ಹೋಗದೆ, ಲೀಗಿನಲ್ಲಿ ಮೇಲಿದ್ದವರೇ ಮುಂದೆ ಹೋಗಲಿ. ವರ್ಷದ ದುಡಿಮೆಗೆ ಅಷ್ಟಾದರೂ ಬೆಲೆ ಬರಲಿ. ಮೂರನೆಯದಾಗಿ, ಪ್ರಶಸ್ತಿಗಳು ಎರಡಿರಲಿ. ಲೀಗಿನ ತಲೆಯಲ್ಲಿ ನಿಂತವರಿಗೆ ಒಂದು ಫಲಕ. ಅಂತಿಮ ಪಂದ್ಯ ಗೆದ್ದವರಿಗೆ ಒಂದು ಕಪ್. ಸೂಪರ್ ಲೀಗಿನವರೇ 2019-20ರಲ್ಲಿ ಲೀಗ್ ವಿಜಯಿಗಳಿಗೆಂದು ಪ್ರತ್ಯೇಕವಾದ ಫಲಕವನ್ನು ಆರಂಭಿಸಿ, ಮೊದಲು ಅದನ್ನು ಗೋವೆಯ ತಂಡಕ್ಕೆ ಕೊಟ್ಟರು. 2018ರಲ್ಲಿ ಬೆಂಗಳೂರಿಗೆ ಆದ ವ್ಯಥೆಗೆ ಅಂತಹ ಫಲಕವೊಂದಿದ್ದರೆ ಎಷ್ಟೋ ಸಮಾಧಾನ ದೊರೆಯುತ್ತಿತ್ತು. ಬೇರೆ ಬೇರೆ ಗುಣಗಳಿಗೆ ಬೇರೆ ಬೇರೆ ಗೌರವ ಕೊಡುವುದರಲ್ಲಿ ಅವಮಾನವೇನೂ ಇಲ್ಲ.

ಬೆಳಗಾವಿಯಲ್ಲಿ ಇದನ್ನು ನಡೆಸಲು ಸಾಧ್ಯವೆ? ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ ಎಂಟು ಕಾಲೇಜುಗಳು, ಖಾನಾಪುರದ್ದೊಂದು ಸೇರಿ, ತಾವೇ ಒಂದು ನಗರ ಲೀಗ್ ಕಟ್ಟಿಕೊಳ್ಳಲಿ. ವಿಶ್ವವಿದ್ಯಾಲಯಗಳ ಪಂದ್ಯಾವಳಿಗಳು ತಮ್ಮ ಪಾಡಿಗೆ ತಾವು ನಡೆಯಲಿ. ಇದು ಅವುಗಳಿಗೆ ಎದುರಲ್ಲ. ಎಂಟು ತಂಡಗಳ ಲೀಗಿಗೆ 28 ಪಂದ್ಯ. ಶನಿವಾರ ಎರಡು, ಭಾನುವಾರ ಎರಡು ಎಂದರೆ ಒಂದೇ ಮೈದಾನದಲ್ಲಿ ಏಳು ವಾರಗಳ ಕೆಲಸ. ಎಂಟನೆಯ ವಾರ ಮೊದಲ ನಾಲ್ವರ ಪ್ಲೇ-ಆಫ್, ಮೂರು ಪಂದ್ಯ. ಮಳೆಗಾಲ ಹಿಂದೆ ಸರಿದ ಮೇಲೆ ತೊಡಗಿದರೆ ನೆಲವೂ ಗಟ್ಟಿಯಾಗಿರುತ್ತದೆ. ಪ್ರತಿ ತಂಡಕ್ಕೂ ಏಳು ಪಂದ್ಯಗಳು ನಿಶ್ಚಿತ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಸೆಮಿಸ್ಟರ್ ಪದ್ಧತಿಯಲ್ಲಿ ಉಸಿರಾಡಲು ಸಮಯವಿಲ್ಲ ಎನ್ನುವರು. ವಾರಕ್ಕೆ ಒಂದು ಪಂದ್ಯವೆಂದರೆ ತೊಂಬತ್ತು ನಿಮಿಷ. ಮೂರು ನಾಲ್ಕು ದಿನ ತರಗತಿಗಳನ್ನು ಬಿಟ್ಟು ದೂರದ ಊರಿಗೆ ಹೋಗಿ ಬರುವ ನಾಕೌಟಿಗಿಂತ ಪಾಠಕ್ಕೆ ಇದರಿಂದಾಗುವ ನಷ್ಟ ಕಡಮೆ. ಹಣವೆಲ್ಲಿ ಎನ್ನುವರು. ನೆರೆಯವರೊಡನೆ ಆಡುವುದಕ್ಕೆ ಪ್ರಯಾಣವೆಷ್ಟು, ವಸತಿಯೆಷ್ಟು? ಲೀಗಿನ ಕೊನೆಯ ವಾರಗಳಲ್ಲಿ, ಗೆಲ್ಲುವ ಆಸೆ ಕಳೆದುಕೊಂಡ ತಂಡಗಳು ಉದಾಸೀನದಿಂದ ಆಡುತ್ತವೆ ಎಂಬುದು ಮೂರನೆಯ ಆಕ್ಷೇಪಣೆ, ಇದರಲ್ಲಿ ಸತ್ಯಾಂಶವುಂಟು. ನಾಲ್ಕನೆಯ ಸ್ಥಾನದ ವರೆಗೆ ಪ್ಲೇ-ಆಫಿನ ಆಸೆ ಇರುವುದೇ ಅದಕ್ಕೆ ಒಂದು ಔಷಧಿ. ಉಳಿದುದಕ್ಕೆ ಔಷಧಿ, ಕಡೆಯ ಸ್ಥಾನದಲ್ಲಿದ್ದರೂ ಮೊದಲಿಗರನ್ನು ಒಮ್ಮೆ ಕೆಡವಿದೆವೆಂಬ ಅಭಿಮಾನ. ನೆರೆಯ ಕಾಲೇಜಿನ ಎದುರು ಆಡುವಾಗ ಆ ಅಭಿಮಾನಕ್ಕೆ ಕೊರತೆಯಾಗದು.

ಆದುದರಿಂದ ಪ್ಲೇ-ಆಫ್ ಇರಬೇಕೆ ಬೇಡವೆ ಎಂದು ಕೇಳುವವರಿಗೆ ನಾವು ಮರಳಿ ಕೇಳುವ ಪ್ರಶ್ನೆ ಇದು: ಅದಕ್ಕೆ ಮೊದಲು ನಿಮ್ಮ ಹುಡುಗರು ಎಷ್ಟು ಪಂದ್ಯಗಳನ್ನು ಆಡಿದರು? ಏಳು ಪಂದ್ಯಗಳನ್ನಾಡಿ ಬಂದ ನಾಲ್ವರ ನಡುವೆ ಅಂತಿಮ ಪಂದ್ಯ ನಡೆದರೆ, ಗೆದ್ದವರನ್ನು ವಿಜಯಿಗಳೆನ್ನಲು ಸೋತವರೂ ಒಪ್ಪುವರು. ಮೊದಲ ಪಂದ್ಯದಿಂದಲೇ ಅರ್ಧ ಜನರನ್ನು ಹೊರಗಟ್ಟುತ್ತ ಹೋದರೆ, ಕೊನೆಗೆ ಕಪ್ಪನ್ನು ಎತ್ತಿ ಹಿಡಿದ ತಂಡಕ್ಕೂ ತಾನು ಯಾರ ಯಾರನ್ನು ಎದುರಿಸದೆ ಉಳಿದೆನೆಂಬುದು ತಿಳಿಯದು. ನಮ್ಮ ಕಾಲೇಜುಗಳ ವ್ಯಾಯಾಮ ನಿರ್ದೇಶಕರೂ ಪ್ರಾಂಶುಪಾಲರೂ ಮುಂದಿನ ವರ್ಷದ ಪಂದ್ಯಗಳ ಪಟ್ಟಿಯನ್ನು ಬರೆಯಲು ಕುಳಿತಾಗ, ಕಪ್ಪು ಯಾರಿಗೆ ಹೋದೀತೆಂದು ಯೋಚಿಸುವ ಮೊದಲು, ಮೊದಲ ವಾರ ಸೋಲುವ ತಂಡ ಎರಡನೆಯ ವಾರ ಯಾರೊಡನೆ ಆಡುವುದೆಂಬುದನ್ನು ಆ ಪಟ್ಟಿಯಲ್ಲಿ ಬರೆಯಲಿ.